ಹಳೆಯ ಕಂಪ್ಯೂಟರ್, ಹಳೆಯ ಫಾಂಟ್, ಸ್ವತಂತ್ರ ತಂತ್ರಾಂಶ: ಊರಿನ ಡಿಟಿಪಿ ಅಂಗಡಿಗೆ ಯಾವ ದಾರಿ?

ಅಚ್ಚುಮನೆ

ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಆಗೀಗ ಒಂದು ಕವನ ಸಂಕಲನ. ಎಲ್ಲಾ ಕೆಲಸ ನಡೆಯುವುದು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ, ಅಕ್ಷರ ನುಡಿ ಎಂಬ ಕನ್ನಡ ತಂತ್ರಾಂಶದ್ದು. ಕಂಪ್ಯೂಟರುಗಳೆಲ್ಲ ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ 8ನೇ ತಲೆಮಾರಿನದು ಅಥವಾ ಆಮೇಲಿನದೇ ಇರಬೇಕು ಎನ್ನುತ್ತದೆ. ನಮ್ಮವು ಅದಕ್ಕಿಂತ ಹಳೆಯವು. ಆದರೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ, ಚೆನ್ನಾಗಿಯೇ ಓಡುತ್ತಿವೆ. ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ಡಿಪ್ಲೊಮಾ ಓದುತ್ತಿರುವ ಮಗಳು ವಿಂಡೋಸ್ ಬದಲು ಲಿನಕ್ಸ್ ಹಾಕೋಣ, ಅದು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶ ಎನ್ನುತ್ತಾಳೆ. ಪಕ್ಕದ ಅಂಗಡಿಯವರು ಅದು ಇಂಜಿನಿಯರುಗಳಿಗೆ, ನಮ್ಮಂಥವರಿಗಲ್ಲ ಎನ್ನುತ್ತಾರೆ. ಹಳೆಯ ಕಡತಗಳ ಗತಿ ಏನು? ಐವತ್ತು ದಾಟಿದ ಮೇಲೆ ಹೊಸದು ಕಲಿಯುವ ಶ್ರಮಕ್ಕೆ ಬೆಲೆ ಇದೆಯಾ, ಇಲ್ಲ ಸಾಲ ಮಾಡಿ ಹೊಸ ಕಂಪ್ಯೂಟರ್ ತರುವುದೇ ಒಳ್ಳೆಯದಾ? ತತ್ವ ಹೇಳುವವರೂ ಹೇಳಿ, ಕೇಳುತ್ತೇನೆ. ಆದರೆ ನಾಳೆ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯಬೇಕು ಅನ್ನೋದು ನೆನಪಿರಲಿ.

ಬೇರುಬಿಳಲು

ಲಿನಕ್ಸಾ ವಿಂಡೋಸಾ ಅನ್ನುವುದಕ್ಕಿಂತ ಮುಂಚೆ ಇತ್ಯರ್ಥ ಆಗಬೇಕಾದ ವಿಷಯ ಒಂದಿದೆ. ನಿಮ್ಮ ಹಳೆಯ ಕಡತಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಇಲ್ಲ.

ಒಂದು ಕೆಲಸ ಮಾಡಿ. ಪೇಜ್‌ಮೇಕರ್‌ನಲ್ಲಿ "ಕನ್ನಡ" ಎಂದು ನುಡಿಯಲ್ಲಿ ಬರೆದು, ಆ ಪದವನ್ನು ಆಯ್ದು, ಫಾಂಟನ್ನು ಏರಿಯಲ್ ಮಾಡಿ. ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಎಸ್ಜೆಟ್ ಅಕ್ಷರ, ಸಣ್ಣ ಕ್ಯೂ, ಮತ್ತೊಂದು ಎ ಕಾಣುತ್ತದೆ. ಒಟ್ಟು 7 ಸಂಕೇತ. ಆ ಫಾಂಟಿನಲ್ಲಿ ಪಿ ಇರಬೇಕಾದ ಜಾಗದಲ್ಲಿ ತಲೆಕಟ್ಟಿಲ್ಲದ ಕ ಕೂರಿಸಿದ್ದಾರೆ, ಎ ಜಾಗದಲ್ಲಿ ತಲೆಕಟ್ಟು, ಎಸ್ಜೆಟ್ ಜಾಗದಲ್ಲಿ ನ ಒತ್ತು. ಅಂದರೆ ನೀವು ಇಷ್ಟು ವರ್ಷ ಅಕ್ಷರದ ಚೂರುಗಳನ್ನು ಜೋಡಿಸಿದ್ದೀರಿ. ಕಾಗದದ ಮೇಲೆ ಮುದ್ರಿಸಲು ಅದು ಸಾಕಾಗಿತ್ತು, ಆ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲ. ಆದರೆ ಆ ಫಾಂಟ್ ಇಲ್ಲದ ಕಡೆ ಅದು ಓದಲು ಬರುವುದಿಲ್ಲ. ಹುಡುಕಲು ಆಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ, ಫೋನಿಗೆ ಕಳಿಸಿದರೆ ಗೀಚಿದ ಹಾಗೆ ಕಾಣುತ್ತದೆ.

ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಜಾಗತಿಕ ಪದ್ಧತಿ. ಅದರಲ್ಲಿ ಅದೇ ಪದಕ್ಕೆ 5 ಸಂಕೇತ: ಕ, ನ, ವಿರಾಮ (ಅರ್ಧಾಕ್ಷರದ ಗುರುತು), ನ, ಡ. ಒತ್ತನ್ನು ಎಲ್ಲಿ ಕೂರಿಸಬೇಕು ಎಂಬುದು ಫಾಂಟಿನ ಕೆಲಸ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆಗೇ ಬಂತು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದೂ ಅದೇ ವರ್ಷ. ಅದಕ್ಕೆ ಯೂನಿಕೋಡ್ ಬರುವುದಿಲ್ಲ, ಇನ್ನು ಬರುವುದೂ ಇಲ್ಲ. ನೀವು ಹೊಸ ಕಂಪ್ಯೂಟರ್ ತಂದರೂ ಈ ತೊಡಕು ಹಾಗೇ ಇರುತ್ತದೆ.

ಪುಟಗಾರ

ಬೆಂಗಳೂರಿನಲ್ಲಿ ಪುಸ್ತಕ ವಿನ್ಯಾಸ ಮಾಡುತ್ತೇನೆ. ಮೇಲಿನವರು ಹೇಳಿದ್ದು ಸರಿ, ಯೂನಿಕೋಡಿಗೆ ಬರಲೇಬೇಕು. ಆದರೆ ಅಲ್ಲಿಂದ ನೇರವಾಗಿ ಲಿನಕ್ಸಿಗೆ ಜಿಗಿಯಿರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಅನ್ನು ಬಾಡಿಗೆ ಕಟ್ಟಿ ಬಳಸುತ್ತೇನೆ, ಅದು ತಿಂಗಳ ದುಡಿಮೆಯಲ್ಲಿ ವಾಪಸ್ ಬರುತ್ತದೆ. ಅದರಲ್ಲಿರುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಮಾಡಿಕೊಂಡರೆ ಕನ್ನಡದ ಒತ್ತು ಎಲ್ಲಾ ಸರಿಯಾಗಿ ಕೂರುತ್ತದೆ. ಪ್ರೆಸ್ಸಿನವರಿಗೆ ಬೇಕಾದ ಪಿಡಿಎಫ್ ಒಂದೇ ಏಟಿಗೆ ಸಿಗುತ್ತದೆ. ಗಿರಾಕಿ ಸಂಜೆ ಆರಕ್ಕೆ ಬಂದು ಬೆಳಿಗ್ಗೆ ಬೇಕು ಅಂದಾಗ ನನಗೆ ತತ್ವ ನೆನಪಾಗುವುದಿಲ್ಲ. ಕೈಗೆ ಸಿಕ್ಕ ಒಳ್ಳೆಯ ಉಪಕರಣ ಬಳಸುವುದರಲ್ಲಿ ತಪ್ಪೇನಿದೆ?

ಇನ್ನೊಂದು ಮಾತು. ಲಗ್ನಪತ್ರಿಕೆಗೆ ಬಣ್ಣ ಬೇಕು. ಅಚ್ಚಿಗೆ ಸಿಎಂವೈಕೆ, ಅಂದರೆ ನಾಲ್ಕು ಶಾಯಿಗಳ ಲೆಕ್ಕದ ಬಣ್ಣ ಬೇಕು. ಚಿತ್ರ ಬಿಡಿಸುವ ಸ್ವತಂತ್ರ ತಂತ್ರಾಂಶ ಇಂಕ್‌ಸ್ಕೇಪ್ ಬಣ್ಣದ ಲೆಕ್ಕ ಮಾಡುವುದು ಪರದೆಗಾಗಿ, ಅದರಿಂದ ನೇರವಾಗಿ ಅಚ್ಚಿಗೆ ಕೊಟ್ಟರೆ ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಬಹುದು. ಇದನ್ನೆಲ್ಲ ಹೇಳದೆ ಲಿನಕ್ಸ್ ಹಾಕಿ ಎಂದರೆ ಅದು ಅಂಗಡಿಯವರಿಗೆ ಮಾಡುವ ಅನ್ಯಾಯ.

ಟರ್ಮಿನಲ್ ಗೆಳೆಯ

ಪುಟಗಾರರೇ, ಬಾಡಿಗೆ ನಿಂತ ದಿನ ನಿಮ್ಮ ಕಡತಗಳನ್ನು ನೀವೇ ತೆರೆಯಲಾರಿರಿ. ಅದನ್ನೂ ಹೇಳಬೇಕಲ್ವಾ?

ಅಚ್ಚುಮನೆಯವರಿಗೆ ನನ್ನ ಸಲಹೆ: ಅರೆಬರೆ ಬೇಡ, ಪೂರ್ತಿ ಬದಲಾಗಿ. ಆಜ್ಞಾಸಾಲು, ಅಂದರೆ ಟೈಪ್ ಮಾಡಿಯೇ ಕಂಪ್ಯೂಟರಿಗೆ ಆಜ್ಞೆ ಕೊಡುವುದನ್ನು ಕಲಿಯಿರಿ. ಝೀಲಾಟೆಕ್ ಎಂಬ ಪುಟ ಜೋಡಿಸುವ ವ್ಯವಸ್ಥೆ ಕಲಿಯಿರಿ. ಕನ್ನಡಕ್ಕೆ ಪದ ಒಡೆಯುವ ನಿಯಮಗಳು ಅದರ ಬುನಾದಿಯಾದ ಟೆಕ್ ಜೊತೆಗೇ ಬರುತ್ತವೆ, ಸಾಲಿನ ಕೊನೆಯಲ್ಲಿ ಪದ ಎಲ್ಲಿ ಮುರಿಯಬೇಕು ಎಂದು ಅದಕ್ಕೆ ಗೊತ್ತು. ಕವನ ಸಂಕಲನ, ವಾರ್ಷಿಕ ವರದಿ ಎರಡಕ್ಕೂ ಅದಕ್ಕಿಂತ ಒಳ್ಳೆಯದಿಲ್ಲ. ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಸ್ವಾತಂತ್ರ್ಯ ಎನ್ನುವುದು ಬರೀ ಬಾಯಿಮಾತು. ತಾನೇ ರಿಪೇರಿ ಮಾಡಿಕೊಳ್ಳಲಾಗದವನು ಯಾವತ್ತೂ ಇನ್ನೊಬ್ಬರ ಕೈಕೆಳಗೇ.

ಗದುಗಿನ ಮೇಷ್ಟ್ರು

ಕೊನೆಯ ಸಾಲನ್ನು ನಾನು ಒಪ್ಪಲಾರೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಇದ್ದೇನೆ, ಕಂಪ್ಯೂಟರ್ ಕೋಣೆಯೂ ನನ್ನದೇ ಪಾಲಿಗೆ ಬಂದಿದೆ. ಎಲ್ಲರೂ ಎಲ್ಲವನ್ನೂ ಕಲಿಯಬೇಕು ಅಂದರೆ ಕೊನೆಗೆ ಯಾರೂ ಏನನ್ನೂ ಕಲಿಯುವುದಿಲ್ಲ. ನನ್ನ ಬೈಕಿನ ಕಾರ್ಬುರೇಟರ್ ನಾನು ಬಿಚ್ಚುವುದಿಲ್ಲ, ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಬಿಚ್ಚುತ್ತಾನೆ, ಯಾಕೆಂದರೆ ಅದನ್ನು ಬಿಚ್ಚಲು ಬರುತ್ತದೆ. ಸ್ವತಂತ್ರ ತಂತ್ರಾಂಶದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು. ನನಗೇ ಬರಬೇಕು ಎಂದಿಲ್ಲ. ನಮ್ಮೂರಲ್ಲೋ ಪಕ್ಕದ ಊರಲ್ಲೋ ಒಬ್ಬನಿಗೆ ಬಂದರೆ ಸಾಕು. ಮುಚ್ಚಿದ ತಂತ್ರಾಂಶವಾದರೆ ಆ ಒಬ್ಬ ಎಷ್ಟೇ ಜಾಣನಾದರೂ ಒಳಗೆ ಕೈ ಹಾಕುವ ಹಾಗಿಲ್ಲ.

ಕೇರಳ ನೋಡಿ. ಅಲ್ಲಿ ಐಟಿ@ಸ್ಕೂಲ್ ಯೋಜನೆ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಕರೆತಂದಿತು. ಈಗ ಕೈಟ್ ಎಂಬ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆಧಾರದ ಮೇಲೆ ಶಾಲೆಗೆಂದೇ ಒಂದು ವ್ಯವಸ್ಥೆ ಮಾಡಿ ಕೊಡುತ್ತದೆ. ಅಲ್ಲಿನ ಮಕ್ಕಳೆಲ್ಲ ಪ್ರೋಗ್ರಾಮರ್ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಊರಿಗೆ ನಾಲ್ಕು ಜನ ಅದನ್ನು ನೋಡಿದವರು, ಮುಟ್ಟಿದವರು ಇರುತ್ತಾರೆ. ನಮ್ಮಲ್ಲಿ ಹಾವೇರಿಯ ಅಂಗಡಿಯವರು ಕೇಳುವ ಪ್ರಶ್ನೆಗೆ ಹಾವೇರಿಯಲ್ಲೇ ಉತ್ತರ ಸಿಗುತ್ತಿಲ್ಲ. ನನಗೆ ನೋವಾಗುವುದು ಅಲ್ಲಿ.

ಅಚ್ಚುಮನೆ

ಮೇಷ್ಟ್ರೇ, ನೀವು ಹೇಳಿದ್ದು ಸರಿಯಾಗಿ ನಾಟಿತು. ಒಂದು ಅನುಭವ ಹೇಳುತ್ತೇನೆ. ಮೊದಲು ನಾವು ದುಡ್ಡು ಕೊಟ್ಟೇ ಒಂದು ಕನ್ನಡ ಫಾಂಟ್ ತಂತ್ರಾಂಶ ಕೊಂಡಿದ್ದೆವು. ಹೆಸರು ಬೇಡ. ಕಂಪ್ಯೂಟರಿನ ಹಿಂಬದಿಗೆ ಡಾಂಗಲ್ ಎಂಬ ಬೀಗದ ಕೈಯಂಥ ಸಾಧನ ಚುಚ್ಚಿದರೆ ಮಾತ್ರ ಓಡುತ್ತಿತ್ತು. ಆ ಡಾಂಗಲ್ ಒಂದು ದಿನ ಸತ್ತುಹೋಯಿತು. ಫೋನ್ ಮಾಡಿದರೆ ಆ ಆವೃತ್ತಿ ಈಗ ಇಲ್ಲ, ಹೊಸದು ಕೊಳ್ಳಿ ಎಂದರು. ನಾನೇ ಅಕ್ಷರ ಜೋಡಿಸಿದ ಒಂದು ಇಡೀ ಕಾದಂಬರಿ ನಮ್ಮ ಹತ್ತಿರವೇ ಇತ್ತು, ತೆರೆದರೆ ಬರೀ ಚಿಹ್ನೆ. ಲೇಖಕರು ಎರಡನೇ ಮುದ್ರಣ ಕೇಳಿಕೊಂಡು ಬಂದಾಗ ಅಚ್ಚಾದ ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಮೊದಲಿನಿಂದ ಟೈಪ್ ಮಾಡಿದೆವು. ಆವತ್ತಿನಿಂದ ನನಗೆ ಈ ವಿಷಯದಲ್ಲಿ ಒಂದು ಸಿಟ್ಟು ಇದೆ.

ಬೇರುಬಿಳಲು

ಈ ಸಿಟ್ಟು ಹೊಸದಲ್ಲ. ಸ್ವತಂತ್ರ ತಂತ್ರಾಂಶದ ಇಡೀ ಚಳವಳಿಯೇ ಒಂದು ಪ್ರಿಂಟರಿನಿಂದ ಶುರುವಾದದ್ದು. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್‌ನ ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿಗೆ ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶವನ್ನೇ ತಿದ್ದಿ, ಕಾಗದ ಸಿಕ್ಕಿಕೊಂಡರೆ ಮುದ್ರಣಕ್ಕೆ ಕಾಯುತ್ತಿದ್ದವರೆಲ್ಲರ ಪರದೆಗೂ ಸೂಚನೆ ಹೋಗುವ ಹಾಗೆ ಮಾಡಿದ್ದರು. ಹೊಸದರ ಮೂಲಸಂಕೇತ, ಅಂದರೆ ತಂತ್ರಾಂಶ ತಿದ್ದಲು ಬೇಕಾದ ಅದರ ಮೂಲ ಬರಹ ಕೇಳಿದಾಗ ಸಿಗಲಿಲ್ಲ, ಅದನ್ನು ಇಟ್ಟುಕೊಂಡಿದ್ದವರು ಯಾರಿಗೂ ಕೊಡುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದರು. 1983ರಲ್ಲಿ ಸ್ಟಾಲ್‌ಮನ್ ಒಂದು ಪೂರ್ತಿ ಸ್ವತಂತ್ರ ಕಾರ್ಯಾಚರಣೆ ವ್ಯವಸ್ಥೆ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಆಮೇಲೆ ಅದರ ಜೊತೆ ಸೇರಿತು. ಅಚ್ಚಿನ ಅಂಗಡಿಯವರಿಗೆ ಅರ್ಥವಾಗುವ ಕಥೆ ಅಂದರೆ ಇದೇ. ಕಣ್ಣೆದುರಿಗೆ ಯಂತ್ರ ಇದೆ, ತಿದ್ದಬಲ್ಲವರು ಪಕ್ಕದಲ್ಲೇ ಇದ್ದಾರೆ, ಆದರೂ ತಿದ್ದುವ ಹಾಗಿಲ್ಲ.

ಟರ್ಮಿನಲ್ ಗೆಳೆಯರೇ, ಆ ಪ್ರಯೋಗಾಲಯದಲ್ಲೂ ಪ್ರಿಂಟರ್ ಬಳಸುತ್ತಿದ್ದವರೆಲ್ಲ ಅದನ್ನು ತಿದ್ದಲಿಲ್ಲ. ಒಬ್ಬರು ತಿದ್ದಿದರು, ಉಪಯೋಗ ಎಲ್ಲರಿಗೂ ಆಯಿತು. ಮೇಷ್ಟ್ರು ಹೇಳಿದ್ದು ಅದನ್ನೇ.

ಪುಟಗಾರ

ಕಥೆ ಚೆನ್ನಾಗಿದೆ. ಆದರೆ ಒಂದು ಕಹಿ ಸತ್ಯ ಯಾರೂ ಮುಟ್ಟುತ್ತಿಲ್ಲ. ನಮ್ಮ ಕಡೆ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್, ಫೋಟೊಶಾಪ್, ಕೋರೆಲ್‌ಡ್ರಾ ಎಲ್ಲಾ ಕದ್ದ ಪ್ರತಿ. ಬೆಲೆಯೇ ಕೊಡದವರಿಗೆ ಸ್ವತಂತ್ರ ತಂತ್ರಾಂಶದಿಂದ ಉಳಿತಾಯ ಏನು?

ಬೇರುಬಿಳಲು

ಅದನ್ನು ನಾನು ತುಂಬಾ ಯೋಚಿಸಿದ್ದೇನೆ. ಕದ್ದ ಪ್ರತಿಯಿಂದ ಹೆಚ್ಚು ನಷ್ಟ ಆದದ್ದು ನಮಗೇ. ಸುಲಭವಾಗಿ ಸಿಕ್ಕಿತು, ಹಾಗಾಗಿ ಬೇರೆ ಏನಿದೆ ಎಂದು ನಾವು ಯಾರೂ ನೋಡಲಿಲ್ಲ. ಅಪ್‌ಡೇಟ್ ಮಾಡಿದರೆ ನಿಂತುಹೋಗುತ್ತದೆ ಎಂದು ಅಪ್‌ಡೇಟ್ ಮಾಡಲಿಲ್ಲ. ತಪ್ಪು ಕಂಡರೆ ಕಂಪನಿಯನ್ನು ಕೇಳುವ ಮುಖ ಇರಲಿಲ್ಲ. ಕನ್ನಡಕ್ಕೆ ಬೆಂಬಲ ಕೊಡಿ ಎಂದು ಒತ್ತಾಯಿಸುವ ಗಿರಾಕಿಗಳಾಗಿ ನಾವು ಲೆಕ್ಕಕ್ಕೇ ಸಿಗಲಿಲ್ಲ. ಇಡೀ ಒಂದು ಕಸುಬು 2001ರ ತಂತ್ರಾಂಶದಲ್ಲಿ ನಿಂತುಬಿಟ್ಟಿತು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರೂ ಅದನ್ನೇ ಕಲಿಯುತ್ತಾರೆ, ಆಮೇಲೆ ಆ ಕಲಿಕೆ ಬೇರೆಲ್ಲೂ ನಡೆಯುವುದಿಲ್ಲ. ಇದು ಯಾರನ್ನೂ ಬೈಯಲು ಹೇಳುತ್ತಿಲ್ಲ. ದುಡಿಯುವವರ ಕೈ ಕಟ್ಟಿಹಾಕಿದ್ದು ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಗಪ ಬೆರಳು

ಕಲಿಕೆಯ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಟೈಪಿಂಗ್ ನನ್ನ ಜೀವನೋಪಾಯ. ಮೊದಲು ನುಡಿಯಲ್ಲಿ, ಈಗ ಲಿನಕ್ಸ್ ಮಿಂಟ್‌ನಲ್ಲಿ. ಎಲ್ಲರೂ ಹೆದರಿಸಿದ್ದು ವೇಗ ಹೋಗುತ್ತದೆ ಎಂದು. ಹೋಗಲಿಲ್ಲ. ಕಾರಣ ಕೀಲಿಮಣೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ನುಡಿಯಲ್ಲಿ ಇರುವುದು, ಅದೇ ಕಗಪ ಎಂಬ ಹೆಸರಲ್ಲಿ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೂ ಇದೆ. ಸೆಟ್ಟಿಂಗ್‌ಗೆ ಹೋಗಿ ಕನ್ನಡದ ಕೆಳಗೆ ಕಗಪ ಆಯ್ದರೆ ಮುಗಿಯಿತು, ಏನೂ ಇಳಿಸಿಕೊಳ್ಳಬೇಕಿಲ್ಲ. "ಕನ್ನಡ" ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಲಿಗಳು. ಎಫ್ ಒತ್ತಿದರೆ ಒತ್ತಕ್ಷರಕ್ಕೆ ದಾರಿ, ಶಿಫ್ಟ್ ಹಿಡಿದರೆ ಮಹಾಪ್ರಾಣ. ಬೇರುಬಿಳಲು ಹೇಳಿದ 5 ಸಂಕೇತಕ್ಕೆ ಸರಿಯಾಗಿ 5 ಒತ್ತು. ಆ ವಿನ್ಯಾಸ ಯಾವುದೋ ಒಂದು ಕಂಪನಿಯ ಡಾಂಗಲ್ಲಿನ ಹಿಂದೆ ಇದ್ದಿದ್ದರೆ ನನ್ನ ಬೆರಳುಗಳು ಇವತ್ತು ಮೊದಲಿನಿಂದ ಕಲಿಯಬೇಕಿತ್ತು.

ಹೊಸದು ಕಲಿಯುವ ಶ್ರಮಕ್ಕೆ ಬೆಲೆ ಇದೆಯಾ ಎಂದು ಅಚ್ಚುಮನೆಯವರು ಕೇಳಿದ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು. ನಿಮಗೆ ಬರುವುದರಲ್ಲಿ ಯಾವುದು ನಿಮ್ಮ ಜೊತೆ ಬರುತ್ತದೆ, ಯಾವುದು ಆ ತಂತ್ರಾಂಶದ ಜೊತೆ ಉಳಿದುಹೋಗುತ್ತದೆ ಎಂದು ಬೇರೆ ಮಾಡಿ ನೋಡಿ. ಕೀಲಿಮಣೆ ನಿಮ್ಮ ಜೊತೆ ಬರುತ್ತದೆ. ಪುಟದ ಅಂಚು ಎಷ್ಟು ಬಿಡಬೇಕು, ಪದ್ಯಕ್ಕೆ ಸಾಲಿನ ಅಂತರ ಎಷ್ಟಿರಬೇಕು, ಹದಿನಾರು ಪುಟದ ಫಾರ್ಮು ಹೇಗೆ ಮಡಚುತ್ತದೆ, ಇದೆಲ್ಲ ಬರುತ್ತದೆ. ಹೋಗುವುದು ಯಾವ ಮೆನು ಕೆಳಗೆ ಏನಿದೆ ಎಂಬ ನೆನಪು ಮಾತ್ರ. ಅದು ತಿಂಗಳೊಳಗೆ ಮತ್ತೆ ಕೈಗೆ ಹತ್ತುತ್ತದೆ.

ಪುಟಗಾರ

ಇದು ಒಳ್ಳೆಯ ಮಾತು, ಪೂರ್ತಿ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಸ್ಟೈಲ್ ಕಲಿಯಿರಿ. ಶೀರ್ಷಿಕೆಗೆ ಒಂದು ಸ್ಟೈಲ್, ಪದ್ಯಕ್ಕೆ ಒಂದು, ಪುಟದ ಕೆಳಗಿನ ಟಿಪ್ಪಣಿಗೆ ಒಂದು. ನನ್ನ ಹತ್ತಿರ ಬರುವ ಕಡತಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಸ್ಪೇಸ್‌ಬಾರ್ ಒತ್ತಿ ಒತ್ತಿ ಮಧ್ಯಕ್ಕೆ ತಂದಿರುತ್ತಾರೆ, ಎಂಟರ್ ಒತ್ತಿ ಹೊಸ ಪುಟಕ್ಕೆ ತಳ್ಳಿರುತ್ತಾರೆ. ಫಾಂಟ್ ಗಾತ್ರ ಸ್ವಲ್ಪ ಬದಲಾದರೂ ಇಡೀ ಪುಸ್ತಕ ಚೆಲ್ಲಾಪಿಲ್ಲಿ. ಪೇಜ್‌ಮೇಕರ್‌ನಲ್ಲೂ ಸ್ಟೈಲ್ ಇತ್ತು, ಸ್ವತಂತ್ರ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲೂ ಇದೆ, ಇನ್‌ಡಿಸೈನ್‌ನಲ್ಲೂ ಇದೆ. ಒಂದು ಕಡೆ ಚೆನ್ನಾಗಿ ಕಲಿತರೆ ಎಲ್ಲಾ ಕಡೆ ನಡೆಯುತ್ತದೆ.

ಪುಟವಿನ್ಯಾಸದ ಸ್ವತಂತ್ರ ತಂತ್ರಾಂಶ ಸ್ಕ್ರೈಬಸ್ ಬಗ್ಗೆ ಯಾರಾದರೂ ಹೇಳಿ. ನಾನು ನೋಡಿದ ಕಾಲಕ್ಕೆ ಅದರಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಬೀಳುತ್ತಿತ್ತು.

ಬೇರುಬಿಳಲು

ಅದು ಸ್ಕ್ರೈಬಸ್ 1.4ನೇ ಆವೃತ್ತಿಯ ಕಾಲ. 2017ರಲ್ಲಿ ಬಂದ 1.5.3ರಿಂದ ಅಕ್ಷರ, ಒತ್ತು ಕೂರಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುತ್ತಿದ್ದಾರೆ, ಕನ್ನಡ ಸರಿಯಾಗಿ ಮೂಡುತ್ತದೆ. 2024ರ ಜನವರಿಯಲ್ಲಿ 1.6 ಸ್ಥಿರ ಆವೃತ್ತಿಯಾಗಿ ಬಂತು. ನೀವು ಎತ್ತಿದ ಬಣ್ಣದ ಪ್ರಶ್ನೆಗೂ ಅಲ್ಲೇ ಉತ್ತರ ಇದೆ, ಸ್ಕ್ರೈಬಸ್ ಸಿಎಂವೈಕೆ ಪಿಡಿಎಫ್ ಕೊಡುತ್ತದೆ. ಚಿತ್ರ ಬಿಡಿಸಲು ಕ್ರಿಟಾದಲ್ಲೂ ಸಿಎಂವೈಕೆ ಇದೆ. ಹೂವು, ಗಣಪತಿ, ಅಂಚುಗಳನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿ ಸ್ಕ್ರೈಬಸ್‌ಗೆ ತಂದು, ಬಣ್ಣವನ್ನು ಅಲ್ಲಿ ನಿಗದಿ ಮಾಡುವುದು ಸರಿಯಾದ ದಾರಿ. ಇನ್‌ಡಿಸೈನಿನಷ್ಟು ನಯ ಇದೆಯಾ ಎಂದರೆ ಇಲ್ಲ. ಕೆಲವು ಕಡೆ ಎರಡು ಹೆಜ್ಜೆ ಜಾಸ್ತಿ. ಸಾವಿರ ಪುಟದ ಗ್ರಂಥ ಅದರಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಲಗ್ನಪತ್ರಿಕೆ, ಕರಪತ್ರ, ತೆಳ್ಳಗಿನ ಸಂಕಲನಕ್ಕೆ ಧಾರಾಳವಾಗಿ ಸಾಕು. ವಾರ್ಷಿಕ ವರದಿಯಲ್ಲಿ ಕೋಷ್ಟಕ ಜಾಸ್ತಿ, ಅದಕ್ಕೆ ರೈಟರ್ ವಾಸಿ.

ಹಳೆಯ ಕಡತಗಳ ವಿಷಯ. ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಕಡತಗಳನ್ನು ಒಂದು ಮಟ್ಟಕ್ಕೆ ತೆರೆಯುತ್ತದೆ. 2014ರಲ್ಲಿ ಶುರುವಾದ ಡಾಕ್ಯುಮೆಂಟ್ ಲಿಬರೇಶನ್ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ಬಳಗ, ತಯಾರಕರೇ ಕೈಬಿಟ್ಟ ಇಂಥ ಕಡತಗಳ ರಚನೆಯನ್ನು ಬಿಡಿಸಿ ಓದುವ ಕೆಲಸ ಮಾಡುತ್ತಿದೆ. ಪುಟದ ರೂಪ ಅಲ್ಲಲ್ಲಿ ಕೆಡುತ್ತದೆ, ಪಠ್ಯ ಸಿಗುತ್ತದೆ. ನಿಮಗೆ ಬೇಕಾಗಿರುವುದು ಪಠ್ಯ.

ತೆಂಕಣ ಓದುಗ

ನಾನು ಡಿಟಿಪಿ ಮಾಡುವವನಲ್ಲ. ಆದರೆ ಈ ಚರ್ಚೆ ಬರೀ ಅಂಗಡಿಗಳದ್ದಲ್ಲ ಎಂದು ಹೇಳಲೇಬೇಕು. ಮಂಗಳೂರು, ಪುತ್ತೂರು ಕಡೆಯ ಸಣ್ಣ ಪ್ರಕಾಶನಗಳ ಪುಸ್ತಕ, ಸ್ಮರಣ ಸಂಚಿಕೆ, ಯಕ್ಷಗಾನದ ಪ್ರಸಂಗ ಸಂಗ್ರಹ ಇಂಥವನ್ನು ಹುಡುಕುತ್ತಿರುತ್ತೇನೆ. ಎರಡು ಮೂರು ದಶಕದ ಕನ್ನಡ ಬರಹ ಇಂಥ ಅಂಗಡಿಗಳ ಹಾರ್ಡ್ ಡಿಸ್ಕಿನಲ್ಲಿ, ಸಿಡಿಗಳಲ್ಲಿ ಕೂತಿದೆ. ಅದು ಯೂನಿಕೋಡ್ ಅಲ್ಲ, ಹಾಗಾಗಿ ಹುಡುಕಿದರೆ ಸಿಗುವುದಿಲ್ಲ. ಪಿಡಿಎಫ್ ಹಾಕಿದ್ದರೂ ಒಳಗಿನ ಪದ ಕಾಪಿ ಮಾಡಿದರೆ ಪೌಂಡ್ ಚಿಹ್ನೆ, ಎಸ್ಜೆಟ್ಟು. ಒಂದು ಊರಿನ ಇತಿಹಾಸ ಬರೆದ ಪುಸ್ತಕ ಇದೆ ಅಂತ ಗೊತ್ತಾಗುವುದೇ ಇಲ್ಲ. ಈಗ ಎಲ್ಲರೂ ಎಐ ಕನ್ನಡ ಚೆನ್ನಾಗಿ ಬರೆಯುವುದಿಲ್ಲ ಎಂದು ದೂರುತ್ತಾರೆ. ಅದು ಕಲಿಯಬೇಕಾದ ಒಳ್ಳೆಯ ಕನ್ನಡ ಎಲ್ಲಿದೆ? ಅಚ್ಚುಮನೆಯವರ ಸಿಡಿ ಡಬ್ಬದಲ್ಲಿದೆ.

ದಯವಿಟ್ಟು ಆ ಸಿಡಿಗಳನ್ನು ಎಸೆಯಬೇಡಿ. ಲೇಖಕರಿಗೆ ಒಂದು ಯೂನಿಕೋಡ್ ಪ್ರತಿ ಮಾಡಿ ಕೊಡಿ. ಅದನ್ನು ಏನು ಮಾಡಬೇಕೆಂದು ಅವರು ತೀರ್ಮಾನಿಸಲಿ.

ಟರ್ಮಿನಲ್ ಗೆಳೆಯ

ಪರಿವರ್ತನೆಗೆ ನಾನು ಸಹಾಯ ಮಾಡುತ್ತೇನೆ. ಕಡತ ಕಳಿಸಿದರೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಒಂದೇ ಸಲಕ್ಕೆ ಫೋಲ್ಡರ್ ಪೂರ್ತಿ ಬದಲಾಯಿಸಬಹುದು. ಗುಬ್ಬಿ, ನವಿಲು ಫಾಂಟುಗಳನ್ನು ಮಾಡಿದವರೇ ಆಸ್ಕಿಯಿಂದ, ಅಂದರೆ ನುಡಿಯಂಥ ಹಳೆಯ ಸಂಕೇತದಿಂದ ಯೂನಿಕೋಡಿಗೆ ತರುವ ಪರಿವರ್ತಕವನ್ನೂ ಬರೆದು ಮೂಲಸಂಕೇತ ಬಿಡುಗಡೆ ಮಾಡಿದ್ದಾರೆ. ಹಾಗೆ ತೆರೆದಿಟ್ಟಿದ್ದರಿಂದಲೇ ಅದನ್ನು ನನ್ನ ಕೆಲಸಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಆಯಿತು. ಮೇಷ್ಟ್ರು ಹೇಳಿದ ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ನಾನೇ ಆಗುತ್ತೇನೆ, ಸಂತೋಷ. ಆದರೂ ಮಗಳು ಆಜ್ಞಾಸಾಲು ಕಲಿಯಲಿ ಎನ್ನುವುದನ್ನು ಬಿಡುವುದಿಲ್ಲ! ಅಂಗಡಿಯ ಒಳಗೇ ಒಬ್ಬರಿಗೆ ಬಂದರೆ ಯಾರ ದಾರಿಯನ್ನೂ ಕಾಯಬೇಕಿಲ್ಲ.

ಅಚ್ಚುಮನೆ

ಎಲ್ಲರಿಗೂ ಧನ್ಯವಾದ. ಮಗಳ ಜೊತೆ ಕೂತು ಹೀಗೆ ತೀರ್ಮಾನ ಮಾಡಿದ್ದೇವೆ. ಒಂದು ಯಂತ್ರಕ್ಕೆ ಮಾತ್ರ ಈಗ ಮಿಂಟ್. ಇನ್ನೊಂದನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಹಳೆಯ ವಿಂಡೋಸ್, ಪೇಜ್‌ಮೇಕರ್ ಹಾಗೇ ಇಟ್ಟುಕೊಳ್ಳುವುದು. ಹಳೆಯ ಗಿರಾಕಿ ಬಂದರೆ ಅದರಲ್ಲಿ ತೆಗೆಯಬಹುದು. ಹೊಸ ಪುಸ್ತಕ ಏನೇ ಬಂದರೂ ಯೂನಿಕೋಡ್, ಇದು ಖಾತ್ರಿ. ಲಗ್ನಪತ್ರಿಕೆಗೆ ಚಂದದ ಅಕ್ಷರ ಬೇಕು, ಅದೊಂದೇ ಚಿಂತೆ. ಹಳೆಯದರಲ್ಲಿ ಬಗೆಬಗೆಯ ಅಲಂಕಾರದ ಫಾಂಟ್ ಇದ್ದವು.

ಒಂದು ಸಂದೇಹ. ಮಗಳು ಪರಿವರ್ತಿಸಿದ ಒಂದು ವರದಿ ನೋಡಿದೆ. ಬಹುಪಾಲು ಸರಿ ಇದೆ. "ಸೂರ್ಯ", "ಕಾರ್ಯದರ್ಶಿ" ಕೆಲವು ಕಡೆ ಅಡ್ಡಾದಿಡ್ಡಿ. "ಸಾಫ್ಟ್‌ವೇರ್" ಎಂಬುದು "ಸಾಫ್ಟ್ವೇರ್" ಆಗಿದೆ. ಯಾಕೆ?

ಕಗಪ ಬೆರಳು

ಅಕ್ಷರಕ್ಕೆ ಮೊದಲು ಉತ್ತರಿಸುತ್ತೇನೆ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಬೆಣ್ಣೆ, ಹುಬ್ಬಳ್ಳಿ, ಅಕಾಯ ಕನಡಕ ಇವೆ. ಎಲ್ಲಾ ಓಪನ್ ಫಾಂಟ್ ಪರವಾನಗಿ, ಅಚ್ಚಿನ ಕೆಲಸಕ್ಕೆ ಬಳಸಲು ಯಾರನ್ನೂ ಕೇಳಬೇಕಿಲ್ಲ. ಪುಸ್ತಕದ ಒಡಲಿಗೆ ತಿರೋ ಅಥವಾ ನೋಟೊ ಸೆರಿಫ್ ಚೆನ್ನ. ಲಗ್ನಪತ್ರಿಕೆಗೆ ಆಯ್ಕೆ ಇನ್ನೂ ಕಡಿಮೆಯೇ, ಅದು ನಿಜ. ವಧುವರರ ಹೆಸರನ್ನು ಕೈಯಲ್ಲಿ ಬರೆಸಿ ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪ್‌ನಲ್ಲಿ ಗೆರೆಯಾಗಿ ಮಾಡಿಕೊಳ್ಳುವುದನ್ನು ಒಮ್ಮೆ ನೋಡಿ. ಯಾವ ಫಾಂಟೂ ಆ ಚಂದ ಕೊಡುವುದಿಲ್ಲ.

ಬೇರುಬಿಳಲು

ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಅಕ್ಷರ ಮುಗಿದ ಮೇಲೆ ಬರುವ ಚೂರು. ಯ ಬರೆದು ಆಮೇಲೆ ಅರ್ಕ ಇಡುತ್ತಿದ್ದಿರಿ. ಯೂನಿಕೋಡಿನಲ್ಲಿ ಓದುವ ಕ್ರಮವೇ ಬರೆಯುವ ಕ್ರಮ: ರ, ವಿರಾಮ, ಯ. ಪರಿವರ್ತಕ ಅರ್ಕ ಕಂಡಾಗ ಹಿಂದಕ್ಕೆ ಹೋಗಿ, ಒತ್ತು ಗುಣಿತ ಎಲ್ಲಾ ದಾಟಿ, ಆ ಅಕ್ಷರದ ಶುರುವಿನಲ್ಲಿ ರ್ ಇಡಬೇಕು. ಟೈಪ್ ಮಾಡಿದವರು ಮಧ್ಯೆ ಒಂದು ಸ್ಪೇಸ್ ಬಿಟ್ಟಿದ್ದರೂ ಅದು ದಾರಿ ತಪ್ಪುತ್ತದೆ. "ರ‍್ಯಾಂಕ್" ಥರದ್ದು ಉಲ್ಟಾ, ಅಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕು. ಅದಕ್ಕೆ ರ ಆದ ಮೇಲೆ, ವಿರಾಮಕ್ಕಿಂತ ಮುಂಚೆ, ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಇರಬೇಕು. "ಸಾಫ್ಟ್‌ವೇರ್"ನಲ್ಲಿ ಟ್ ಮತ್ತು ವೇ ನಡುವೆ ಇರಬೇಕಾದದ್ದು ಬಿಡಿಸುವ ಸಂಕೇತ, ಅದೂ ಕಾಣುವುದಿಲ್ಲ. ಅದು ಬಿದ್ದುಹೋದರೆ ವ ಒತ್ತಾಗಿ ಕೆಳಗಿಳಿಯುತ್ತದೆ. ಇಂಥ ಪದಗಳು ಒಂದು ವರದಿಯಲ್ಲಿ ಎಷ್ಟಿರುತ್ತವೆ, ಒಮ್ಮೆ ಪಟ್ಟಿ ಮಾಡಿ ಹುಡುಕಿ ಬದಲಿಸಿದರೆ ಮುಂದಿನ ವರ್ಷಕ್ಕೂ ಅದೇ ಪಟ್ಟಿ ನಡೆಯುತ್ತದೆ.

ಇನ್ನೂ ಮುಖ್ಯವಾದದ್ದು ಎರಡು. ಸಂಘದ ವರದಿಯಲ್ಲಿ ಇಂಗ್ಲಿಷ್ ಪದ, ಇಮೇಲ್, ಖಾತೆ ವಿವರ ಇದ್ದರೆ ಪರಿವರ್ತಕಕ್ಕೆ ಅದು ಇಂಗ್ಲಿಷ್ ಎಂದು ಗೊತ್ತಾಗುವುದಿಲ್ಲ, ಅದನ್ನೂ ಕನ್ನಡದ ಚೂರು ಎಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಹಾಗಾಗಿ ಪೇಜ್‌ಮೇಕರ್‌ನಲ್ಲೇ ಮೊದಲು ಇಂಗ್ಲಿಷ್ ಭಾಗಗಳನ್ನು ತೆಗೆದು ಬೇರೆ ಇಟ್ಟುಕೊಳ್ಳಿ. ಎರಡನೆಯದು ಅಂಕಿ. ನುಡಿಯಲ್ಲಿ ಕನ್ನಡ ಅಂಕಿ ತೋರಿಸುವ ಫಾಂಟ್, ಇಂಗ್ಲಿಷ್ ಅಂಕಿ ತೋರಿಸುವ ಫಾಂಟ್ ಬೇರೆ ಬೇರೆ ಇದ್ದವು, ಒಳಗಿನ ಸಂಕೇತ ಒಂದೇ. ಪರಿವರ್ತನೆ ಆದ ಮೇಲೆ ಕೆಲವು ಕೋಷ್ಟಕಗಳಲ್ಲಿ ಅಂಕಿ ಕನ್ನಡದಿಂದ ಇಂಗ್ಲಿಷಿಗೆ ತಿರುಗಿರಬಹುದು. ಅಢಾವೆ ಪತ್ರಿಕೆ ಇರುವ ಪುಟಗಳನ್ನು ಮೂಲ ಪ್ರತಿ ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದಿ, ಇನ್ನೊಬ್ಬರು ನೋಡಿ.

ಅಚ್ಚುಮನೆ

ಆಯಿತು. ಇಂಗ್ಲಿಷ್ ಭಾಗ ತೆಗೆದು ಮತ್ತೆ ಓಡಿಸುತ್ತೇವೆ. ಟರ್ಮಿನಲ್ ಗೆಳೆಯರೇ, ಮೊದಲು ಕವನ ಸಂಕಲನದ ಕಡತ ಕಳಿಸುತ್ತೇನೆ, ಲೇಖಕರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಅದರಲ್ಲಿ ಕೋಷ್ಟಕ ಇಲ್ಲ, ಇಂಗ್ಲಿಷೂ ಇಲ್ಲ.